ಮಂಜಿನೊಳಗಿನ ಮೂರನೇ ದನಿ

ಇದು ನಡೆದದ್ದೇ. ಕಟ್ಟಿದ ಕಥೆಯಾಗಿದ್ದರೆ ತಿಪ್ಪೇಶನ ಮರ್ಯಾದೆ ಉಳಿಯುವ ಹಾಗೆ ಕಟ್ಟಬಹುದಿತ್ತು.

ಜನವರಿಯ ಒಂದು ಬೆಳಗ್ಗೆ. ಅಜ್ಜಂಪುರದ ಹೊರಗೆ, ಅಮೃತಮಹಲ್ ದನ ಮೇಯುವ ಕಾವಲಿಗೆ ಅಂಟಿಕೊಂಡ ಫುಟ್‌ಬಾಲ್ ಮೈದಾನವನ್ನು ಮಂಜು ನುಂಗಿ ಕೂತಿತ್ತು. ಗೋಲ್‌ಪೋಸ್ಟ್ ಯಾವುದು, ಬೇಲಿಯಾಚೆ ನಿಂತ ದನಗಳ ಉದ್ದ ಕೊಂಬು ಯಾವುದು ಎಂದು ಹೇಳುವಂತಿರಲಿಲ್ಲ. ತಿಪ್ಪೇಶ ನೋಡುತ್ತಿದ್ದಂತೆ ಗೋಲ್‌ಪೋಸ್ಟೊಂದು ನಿಧಾನವಾಗಿ ತಲೆ ತಿರುಗಿಸಿತು.

ಹದಿನೇಳರೊಳಗಿನ ಹುಡುಗಿಯರ ತಂಡಕ್ಕೆ ಅವನೂ ಶರ್ವಾಣಿಯೂ ಕೋಚ್‌ಗಳು. ಅವನು ತರೀಕೆರೆಯಿಂದ ಬೈಕಿನಲ್ಲಿ ಬರುತ್ತಿದ್ದ. ಅವಳದು ಇದೇ ಊರು. ಇಬ್ಬರಿಗೂ ಆಟದ ಹುಚ್ಚು ಹಚ್ಚಿದ ಗಿರಿಯಪ್ಪ ಮೇಷ್ಟ್ರು ಹೋದ ಆಷಾಢದಲ್ಲಿ ತೀರಿಕೊಂಡಿದ್ದರು. ಅವರ ಹಿತ್ತಾಳೆ ಸೀಟಿ ಈಗ ಶರ್ವಾಣಿಯ ಕೊರಳಲ್ಲಿ. ಅದನ್ನು ಊದುವ ಧೈರ್ಯ ಅವಳಿಗಿನ್ನೂ ಬಂದಿರಲಿಲ್ಲ. ಚಪ್ಪಾಳೆ ತಟ್ಟಿಯೇ ಡ್ರಿಲ್ ನಡೆಸುತ್ತಿದ್ದಳು.

ತಿಪ್ಪೇಶ ಬಿ.ಎ. ಪಾಸು, ಬಿ.ಪಿ.ಎಡ್. ಪಾಸು, ಚೆಂಡು ಪಾಸು ಮಾಡುವುದರಲ್ಲೂ ಪಾಸು. ಮನಸ್ಸಿನ ಮಾತೊಂದನ್ನು ಪಾಸು ಮಾಡುವುದರಲ್ಲಿ ಮಾತ್ರ ಮೂರು ವರ್ಷದಿಂದ ಅದೇ ಕ್ಲಾಸು. ಅವನ ಗಂಟಲಲ್ಲಿ ಊರೆಲ್ಲ ವಾಸವಾಗಿತ್ತು: ಬಸ್ಸಿನ ಕಂಡಕ್ಟರ್, ರೈಲ್ವೆ ಅನೌನ್ಸರ್, ಹೆಡ್‌ಮಿಸ್ ವಿಮಲಮ್ಮ. ನಗುವುದೂ ಟೀ ಅಂಗಡಿ ಓಂಕಾರೇಶನ ಹಾಗೆ, ಕೆಮ್ಮಿನ ಸಮೇತ. ಮೇಷ್ಟ್ರ ದನಿಯೊಂದನ್ನು ಅವನು ಮುಟ್ಟುತ್ತಿರಲಿಲ್ಲ.

“ಹುಡುಗೀರ ವ್ಯಾನ್ ಲೇಟಂತೆ. ಡ್ರೈವರ್‌ಗೆ ರೋಡೇ ಕಾಣ್ತಿಲ್ವಂತೆ,” ಎಂದಳು ಶರ್ವಾಣಿ, ಕಿತ್ತಳೆ ಬಣ್ಣದ ಕೋನ್‌ಗಳನ್ನು ಹುಲ್ಲಿನ ಮೇಲಿಡುತ್ತ. ಅವಳ ರೆಪ್ಪೆಯ ತುದಿಯಲ್ಲಿ ಮಂಜಿನ ಹನಿ. ಅವನು ನೋಡುವುದನ್ನು ನೋಡಿ ರೆಪ್ಪೆ ಬಡಿಯದೆ ನಿಂತಳು, ಹನಿ ಬೀಳದಿರಲೆಂದೋ, ನೋಟ ಕದಲದಿರಲೆಂದೋ.

“ಸಂಜೆ ಸಖರಾಯಪಟ್ಟಣದವ್ರಿಗೆ ಉತ್ತರ ಹೇಳ್ಬೇಕು ಕಣೋ. ಹುಡುಗ ಒಳ್ಳೆಯವ್ನಂತೆ.”

ತಿಪ್ಪೇಶ ಕೈಯಲ್ಲಿದ್ದ ಚೆಂಡು ಕೆಳಗಿಟ್ಟ. ಬಾಯಿ ತೆರೆದ. ಹೊರಬಂದದ್ದು ರೈಲ್ವೆ ಅನೌನ್ಸರ್: “ಪ್ರಯಾಣಿಕರ ಗಮನಕ್ಕೆ. ಸಖರಾಯಪಟ್ಟಣದ ವರ ಅನಿರ್ದಿಷ್ಟ ಕಾಲ ತಡವಾಗಿ ಬರಲಿದ್ದಾರೆ.”

ಅವಳು ನಗಲಿಲ್ಲ. “ಎಲ್ರ ದನೀನೂ ಕೇಳಿದೀನಿ ನಿನ್ನ ಬಾಯಲ್ಲಿ. ನಿನ್ದು ಹೆಂಗಿರ್ತದೋ, ಇವತ್ತಿಗೂ ಗೊತ್ತಿಲ್ಲ. ಬಾ, ದನಿ ಡ್ರಿಲ್ ಮಾಡಣ.”

ದನಿ ಡ್ರಿಲ್ ಮೇಷ್ಟ್ರದೇ ಸೃಷ್ಟಿ. ಮಂಜು ಕವಿದ ದಿನ ಕಣ್ಣಿಗೆ ರಜ. ಕೂಗು ಬಂದ ಕಡೆಗೆ ಚೆಂಡು ಕೊಡಬೇಕು, ಕೊಟ್ಟ ತಕ್ಷಣ ಜಾಗ ಬದಲಿಸಬೇಕು. “ಪಾಸ್ ಕೊಟ್ಟಲ್ಲೇ ಬೇರು ಬಿಡೋಕೆ ನೀವೇನು ತೆಂಗಿನ ಸಸಿಗಳೇನ್ರೇ?” ಎಂದು ತಿಪ್ಪೇಶನೇ ದಿನಾ ಹುಡುಗಿಯರನ್ನು ಬೈಯುತ್ತಿದ್ದ.

ಮಂಜಿನೊಳಕ್ಕೆ ನಡೆದು ಕಂಡಕ್ಟರ್ ದನಿಯಲ್ಲಿ, “ಕಡೂರ್, ಕಡೂರ್, ಕಡೂರ್! ರೈಟ್!” ಎಂದ. ಬಿಳುಪನ್ನು ಸೀಳಿಕೊಂಡು ಚೆಂಡು ಬಂತು, ಎಡಗಾಲಿಗೆ ಒರಗಿದಷ್ಟು ಮೆತ್ತಗೆ. ಬಲದಿಂದ ಅವಳು, “ಇಲ್ಲಿ!” ಅಂದಳು. ಕೊಟ್ಟ. ಚೆಂಡು ಮರಳಿ ಬಂತು. ಈಗ ಎಡದಿಂದ, “ಇಲ್ಲಿ!” ಮತ್ತೆ ಕೊಟ್ಟ, ಮತ್ತೆ ಬಂತು. ಆಮೇಲೆ ಕೂಗೇ ಇಲ್ಲ.

“ಶರ್ವಾಣೀ?” ವಿಮಲಮ್ಮನ ದನಿಯಲ್ಲಿ ಕರೆದ.

ಬೇಲಿಯಾಚೆ ಏನೋ ದೀರ್ಘವಾಗಿ ಉಸಿರುಬಿಟ್ಟಿತು. ಅದರ ಹಿಂದೆಯೇ, ಎಡಗಡೆಯಿಂದ:

“ತಲೆ ಎತ್ತು ಮಗಾ.”

ಹೊಗೆಸೊಪ್ಪು ಜಗಿದ ದಪ್ಪ ದನಿ. ಹಾಳು ಬಾವಿಯೊಳಗಿಂದ ಎದ್ದು ಬಂದಂತೆ ಟೊಳ್ಳಾಗಿತ್ತು. ಮೇಷ್ಟ್ರದೇ ದನಿ; ತಿಪ್ಪೇಶ ಸುತ್ತ ತಿರುಗಿ ನೋಡಿದ.

“ಬಾಲ್ ನೋಡ್ಬೇಡ. ಜಾಗ ನೋಡು. ನೀನು ಓಡ್ದಿದ್ರೆ ಇನ್ಯಾರೋ ಬಂದು ನಿಂತ್ಕಂತಾರೆ.”

ದೂರದಲ್ಲಿ, ಬಲಗಡೆ, ಶರ್ವಾಣಿ ಚೀರಿದಳು: “ತಿಪ್ಪೇಶ! ಅದೊಂದು ದನಿ ಬೇಡ ಕಣೋ! ಭಯ ಆಯ್ತದೆ!”

“ನಾನಲ್ಲ.”

ಎಷ್ಟೋ ವರ್ಷ ತೆಗೆಯದ ಬಾಗಿಲು ಕಿರುಗುಟ್ಟಿದಂತೆ ಬಂತು ಮಾತು. ಅದು ಅವನದೇ ದನಿ.

“ಮತ್ಯಾರೋ?” ಅವಳ ಕೂಗು ಅರ್ಧಕ್ಕೇ ನಿಂತಿತು.

“ಶರ್ವಾಣಿ, ಅಲ್ಲೇ ಇರು! ಬತ್ತೀನಿ!”

ಚೆಂಡು ಬಿಟ್ಟು ಓಡಿದ. ಅವಳ ಕೂಗು ಬಂದ ಜಾಗದಲ್ಲಿ ಅವಳಿರಲಿಲ್ಲ. ಹುಲ್ಲಿನ ಮೇಲೆ ಅವಳ ಬೂಟು, ಜೋಡಿಯಾಗಿ, ದೇವಸ್ಥಾನದ ಹೊರಗೆ ಬಿಟ್ಟ ಹಾಗೆ. ಮುಟ್ಟಿದ. ಒಳಗಿನ್ನೂ ಬೆಚ್ಚಗಿತ್ತು.

ಮೊಣಕಾಲೂರಿ ಕೂತುಬಿಟ್ಟ. “ಮೇಷ್ಟ್ರೇ, ಅವಳನ್ನ ಕರ್ಕಂಡು ಹೋಗ್ಬೇಡಿ. ಶರ್ವಾಣಿ, ಸಖರಾಯಪಟ್ಟಣಕ್ಕೆ ಹೂಂ ಅನ್ಬೇಡ ಕಣೇ. ನಂಗೆ ನೀನು ಬೇಕು. ಯಾರ ದನೀಲೂ ಹೇಳ್ತಿಲ್ಲ, ನಾನೇ ಹೇಳ್ತಿದೀನಿ. ವಾಪಸ್ ಬಾ.”

“ತಿರುಗು ಮಗಾ,” ಎಂದಿತು ದನಿ, ಕತ್ತಿನ ಹಿಂದೆಯೇ.

ತಿರುಗಿದ. ಸದ್ದಾಗದಂತೆ ಓಡಿ ಬಂದ ಶರ್ವಾಣಿ ಬರಿಗಾಲಲ್ಲಿ ನಿಂತಿದ್ದಳು. ತುದಿಯಲ್ಲಿ ತೂತಿರುವ ಕೋನೊಂದನ್ನು ಕಹಳೆಯಂತೆ ಬಾಯಿಗಿಟ್ಟುಕೊಂಡಿದ್ದಳು. ಕಣ್ಣಲ್ಲಿ ತುಂಟತನವೂ ನೀರೂ.

“ಪಾಸ್ ಕೊಟ್ಟಲ್ಲೇ ಬೇರು ಬಿಡೋಕೆ ನಾನೇನು ತೆಂಗಿನ ಸಸಿನಾ?”

“ನೀ... ನೀನಾ ಮೇಷ್ಟ್ರು?”

“ಒಂದು ತಿಂಗ್ಳಿಂದ ಕೊಟ್ಟಿಗೇಲಿ ಪ್ರಾಕ್ಟೀಸು. ಹೆದರ್ಕಂಡು ನಮ್ಮೆಮ್ಮೆ ಹಾಲೇ ಕೊಡ್ತಿಲ್ಲ.”

“ಮತ್ತೆ ಸಖರಾಯಪಟ್ಟಣ?”

“ಅವ್ರಿಗೆ ನಿನ್ನೆ ಸಂಜೇನೇ ಬೇಡ ಅಂದಾಯ್ತು.” ಹತ್ತಿರ ಬಂದಳು. ರೆಪ್ಪೆಯ ಹನಿ ಕೊನೆಗೂ ಅವನ ಕೈಮೇಲೆ ಬಿತ್ತು. “ಇನ್ನೊಂದ್ಸಲ ಹೇಳು. ಅದೇ ದನೀಲಿ.”

“ನೀನು ಬೇಕು.”

“ಒರಟಾಗೈತೆ,” ಎಂದಳು. “ಇರ್ಲಿ. ನಂಗೆ ಅದೇ ಇರ್ಲಿ.”

ಆಗ ಗೋಲಿನ ಕಡೆಯಿಂದ ಸೀಟಿ ಕೇಳಿಸಿತು. ಮೊದಲು ಗಿಡ್ಡ, ಆಮೇಲೆ ಉದ್ದ. ಮೇಷ್ಟ್ರು ಪ್ರಾಕ್ಟೀಸ್ ಶುರು ಮಾಡುತ್ತಿದ್ದುದು ಹಾಗೆಯೇ.

“ಇದೂ ನೀನೇ ತಾನೆ?”

ಶರ್ವಾಣಿ ಕೊರಳಿಗೆ ಕೈ ಹಾಕಿದಳು. ಹಿತ್ತಾಳೆ ಸೀಟಿ ಅಲ್ಲೇ ಇತ್ತು, ತಣ್ಣಗೆ.

“ನಾನಲ್ಲ.”

ವ್ಯಾನಿನ ಸದ್ದಿನ್ನೂ ಇರಲಿಲ್ಲ. ಮಂಜಿನಲ್ಲಿ ಗೋಲ್‌ಪೋಸ್ಟೊಂದು ಇವರ ಕಡೆಗೇ ಮುಖ ಮಾಡಿ ನಿಂತಿತ್ತು. ಅವಳ ಬೆರಳುಗಳು ಅವನ ಬೆರಳುಗಳನ್ನು ಹುಡುಕಿಕೊಂಡು ಬಂದವು.

ತಿಪ್ಪೇಶನಿಗೆ ನಗು ಒತ್ತರಿಸಿ ಬಂತು. ಓಂಕಾರೇಶನದಲ್ಲ, ಕೆಮ್ಮೂ ಇರಲಿಲ್ಲ; ನಾಯಿ ಅಟ್ಟಿಸಿದ ಕೋಳಿ ಕೂಗಿದಂಥ, ಅವನ ಸ್ವಂತದ, ಕೆಟ್ಟ ನಗು. ಅದನ್ನು ಕೇಳಿ ಶರ್ವಾಣಿಯೂ ನಕ್ಕಳು. ಮಂಜಿನೊಳಗೆ ಮೂರನೆಯವರು ಯಾರೋ ನಕ್ಕಂತೆಯೂ ಆಯಿತು. ಆದರೆ ಎಲ್ಲರಿಗಿಂತ ಜೋರಾಗಿ ಕೇಳುತ್ತಿದ್ದದ್ದು ತಿಪ್ಪೇಶನದೇ.