ಮೂವತ್ತೊಂದು ಮನೆ

ವಿನಿಫ್ರೆಡ್ ಪಾಸ್ಕ್ ಅವರ ಹೆಣ ಸಿಕ್ಕಿದ್ದು ಶನಿವಾರ ಬೆಳಿಗ್ಗೆ ಏಳೂವರೆಗೆ. ಸಮುದ್ರದ ಒಡ್ಡಿನ ಕೆಳಗೆ, ತೂಬಿನ ಸರಳಿಗೆ ಸಿಕ್ಕಿಕೊಂಡಿತ್ತು. ತಲೆಯ ಹಿಂದೆ ಪೆಟ್ಟು.

ಅರ್ಧ ಗಂಟೆಯೊಳಗೆ ಇನ್ನೊಂದು ಸುದ್ದಿ ಬಂತು. ಊರ ಸಭಾಭವನದ ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಬರೆದಿದ್ದರು: 'ನಮ್ಮ ಮೂವತ್ತೊಂದು ಮನೆ ಮುಳುಗಿಸುವವಳು ಮೊದಲು ಮುಳುಗಲಿ.'

ಆ ದಿನ ನಮ್ಮ ಈಲ್ಬಿ ಊರಲ್ಲಿ ಯಾರೂ ಮಕ್ಕಳನ್ನು ಹೊರಗೆ ಬಿಡಲಿಲ್ಲ.

ವಿನಿಫ್ರೆಡ್ ನಮ್ಮ ಊರ ಕೌನ್ಸಿಲ್ಲಿನ ಅಧ್ಯಕ್ಷೆ. ಸಮುದ್ರ ವರ್ಷ ವರ್ಷ ಏರುತ್ತಿದೆ, ಒಡ್ಡನ್ನು ಇನ್ನು ಎತ್ತರಿಸಲಾಗದು, ತಗ್ಗಿನ ಓಣಿಯವರು ಮನೆ ಬಿಟ್ಟು ಮೇಲಕ್ಕೆ ಹೋಗಲೇಬೇಕು ಎನ್ನುತ್ತಿದ್ದರು. ಹವಾಮಾನ ತುರ್ತುಸ್ಥಿತಿ ಘೋಷಿಸುವ ನಿರ್ಣಯ ಅಂದು ಹನ್ನೊಂದು ಗಂಟೆಗೆ ಸಭೆಯ ಮುಂದೆ ಬರಬೇಕಿತ್ತು. ಅರ್ಧ ಊರು ಅವರ ಜೊತೆ ಮಾತು ಬಿಟ್ಟು ವರ್ಷವಾಗಿತ್ತು.

* * *

ಇನ್ಸ್‌ಪೆಕ್ಟರ್ ಹೆಸ್ಟರ್ ಕಾಡ್ರನ್ ಯಾರನ್ನು ಕೇಳಿದರೂ ಎಲ್ಲರೂ ಒಂದೇ ಹೆಸರು ಹೇಳಿದರು: ಜೆಡ್ ಲಾರ್ವುಡ್. ಏಡಿ ಹಿಡಿಯುವ ಮುದುಕ, ತಗ್ಗಿನ ಓಣಿಯವನು. ಹಿಂದಿನ ಸಭೆಯಲ್ಲಿ ವಿನಿಫ್ರೆಡ್‌ರನ್ನು ಒಡ್ಡಿನಿಂದ ತಳ್ಳುತ್ತೇನೆ ಎಂದು ಎಲ್ಲರೆದುರು ಕೂಗಿದ್ದ. ಅವನ ದೋಣಿಯ ಬಣ್ಣವೂ ಅದೇ ಕೆಂಪು.

ಜೆಡ್ ದೋಣಿಯ ಪಕ್ಕದಲ್ಲೇ ಕೂತಿದ್ದ.

"ಅಂದಿದ್ದು ನಿಜ ಕಣಮ್ಮಾ. ಸಿಟ್ಟಲ್ಲಿ ಅಂದೆ. ಬಣ್ಣದ ಡಬ್ಬ ಇಲ್ಲೇ ಬಿದ್ದಿರುತ್ತೆ, ಯಾರು ಬೇಕಾದ್ರೂ ಎತ್ಕೊಂಡು ಹೋಗ್ಬಹುದು."

"ಗೋಡೆ ಮೇಲೆ ಬರೆದಿದ್ದನ್ನ ನೋಡಿದ್ರಾ?"

"ನೋಡ್ದೆ. ಬರೆದೋನಿಗೆ ಎಣಿಸೋಕೆ ಬರಲ್ಲ. ನಮ್ಮ ಓಣೀಲಿರೋದು ಇಪ್ಪತ್ತಾರೇ ಮನೆ. ಒಂದೊಂದು ಮನೆ ನಾಯಿ ಹೆಸರೂ ನಂಗೊತ್ತು. ಇನ್ನೈದು ಎಲ್ಲಿಂದ ತಂದ?"

ಹೆಸ್ಟರ್ ಎರಡೂ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದುಕೊಂಡಳು.

* * *

ಕೌನ್ಸಿಲ್ಲಿನ ಗುಮಾಸ್ತ ಕ್ಲೈವ್ ಥರ್ಟಲ್ ಚಹಾ ಕೊಟ್ಟು ಕೂರಿಸಿದ. ಹತ್ತೊಂಬತ್ತು ವರ್ಷದ ಸೇವೆ, ಮೆತ್ತಗಿನ ಮಾತು. ಮುಳುಗುವ ಜಾಗದ ನಕ್ಷೆ ತೆಗೆದು ತೋರಿಸಿದ. ಇಪ್ಪತ್ತಾರು ಮನೆಗಳಿಗೆ ನೀಲಿ ಗುರುತು. ಇದಾದ ಮೇಲೆ ಬೇರೆ ನಕ್ಷೆ ಬಂದಿದೆಯೇ ಎಂದು ಹೆಸ್ಟರ್ ಕೇಳಿದಳು.

"ಇಲ್ಲ ಮೇಡಂ. ಇದೇ ಕೊನೇದು."

ಹೊರಗೆ ಬಂದು ಹೆಸ್ಟರ್ ಜಿಲ್ಲಾ ಕೇಂದ್ರದ ಎಂಜಿನಿಯರಿಗೆ ಫೋನ್ ಮಾಡಿದಳು. ಆಕೆ ಹೇಳಿದ್ದಿಷ್ಟು: ಸಮುದ್ರ ಅಂದುಕೊಂಡದ್ದಕ್ಕಿಂತ ಬೇಗ ಬರುತ್ತಿತ್ತು. ಗುರುವಾರದ ಹೊಸ ನಕ್ಷೆಯಲ್ಲಿ ನೀಲಿ ಗೆರೆ ಚರ್ಚ್ ರಸ್ತೆ ಮುಟ್ಟಿತ್ತು. ಇನ್ನೂ ಐದು ಮನೆ ಸೇರಿದ್ದವು. ಶನಿವಾರದ ಸಭೆಯವರೆಗೆ ಗುಟ್ಟಾಗಿಡಬೇಕೆಂದು ಹೇಳಿ, ಆ ನಕ್ಷೆಯನ್ನು ಊರಲ್ಲಿ ಇಬ್ಬರಿಗೆ ಮಾತ್ರ, ಅಧ್ಯಕ್ಷೆಗೆ ಮತ್ತು ಗುಮಾಸ್ತನಿಗೆ, ಕಳಿಸಿದ್ದರು.

ಐದರಲ್ಲಿ ಒಂದು ಕ್ಲೈವನ ಮನೆ. ಅದನ್ನು ಅವನು ಎರಡು ಪುಟ್ಟ ಮಕ್ಕಳಿದ್ದ ದಂಪತಿಗೆ ಮಾರುತ್ತಿದ್ದ. ಸಹಿ ಆಗಬೇಕಿದ್ದದ್ದು ಸೋಮವಾರ.

* * *

ಕ್ಲೈವನ ಕಾರಿನ ಡಿಕ್ಕಿಯಲ್ಲಿ ವಿನಿಫ್ರೆಡ್‌ರ ಬಳಿಯಿದ್ದ ಹೊಸ ನಕ್ಷೆ ಸಿಕ್ಕಿತು, ಒದ್ದೆಯಾಗಿ. ಪಕ್ಕದಲ್ಲಿ ಕೆಂಪು ಬಣ್ಣ ಮೆತ್ತಿದ ಕೈಗವಸು.

"ಓಣಿಯವರ ಮೇಲೆ ಹಾಕೋಣ ಅಂತ ಬರೆದ್ರಿ," ಎಂದಳು ಹೆಸ್ಟರ್. "ಆದ್ರೆ ಓಣಿಯವರು ಬರೆದಿದ್ರೆ ಇಪ್ಪತ್ತಾರು ಅಂತ ಬರೀತಿದ್ರು. ಮೂವತ್ತೊಂದು ಅಂತ ಗೊತ್ತಿದ್ದೋರು ಇಬ್ಬರೇ. ಒಬ್ರು ಸತ್ತಿದ್ದಾರೆ."

ಕ್ಲೈವ್ ಒಪ್ಪಿಕೊಂಡ. ಶುಕ್ರವಾರ ಸಂಜೆ ವಿನಿಫ್ರೆಡ್ ಎಂದಿನಂತೆ ನೀರಿನ ಮಟ್ಟ ನೋಡಲು ತೂಬಿಗೆ ಹೋಗಿದ್ದಾಗ ಇವನೂ ಹೋಗಿ, ಮನೆಯ ಸಹಿ ಆಗುವವರೆಗೆ ಹೊಸ ನಕ್ಷೆ ಹೊರಗೆ ಬಿಡಬೇಡಿ ಎಂದು ಬೇಡಿಕೊಂಡಿದ್ದ. ಆ ಮಕ್ಕಳು ಅಲ್ಲಿ ಮಲಗಬೇಕಾ ಎಂದು ಕೇಳಿ ಅವರು ಬೆನ್ನು ತಿರುಗಿಸಿದ್ದರು. ತೂಬು ತಿರುಗಿಸುವ ಕಬ್ಬಿಣದ ಹಿಡಿ ಅಲ್ಲೇ ಇತ್ತು.

"ಎರಡು ದಿನ ಕೇಳಿದ್ದೆ," ಎಂದ. "ಎರಡೇ ದಿನ."

* * *

ಕೊಲೆಗಾರ ಸಿಕ್ಕಿದ ಎಂದು ಊರು ಉಸಿರು ಬಿಟ್ಟಿತು. ಹೆಸ್ಟರಳಿಗೆ ಬಿಡಲಾಗಲಿಲ್ಲ. ಉಳಿದ ನಾಲ್ಕು ಮನೆಯವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಪೊಲೀಸರೇ ಹೋದರೆ ಹೆದರುತ್ತಾರೆ ಎಂದು ಜೆಡ್ ತಾನಾಗಿ ಜೊತೆಗೆ ಹೊರಟ.

ಚರ್ಚ್ ರಸ್ತೆಯ ಮೊದಲ ಬಾಗಿಲು ತೆರೆಯಿತು. ಮಗುವನ್ನು ಸೊಂಟದ ಮೇಲಿಟ್ಟುಕೊಂಡ ಹೆಂಗಸೊಬ್ಬಳು ಇಬ್ಬರನ್ನೂ ನೋಡಿದಳು. ಕೊಲೆಗಾರ ಸಿಕ್ಕನಂತಲ್ಲ, ಇನ್ನು ಭಯವಿಲ್ಲ ತಾನೇ, ಎಂದಳು.

ಜೆಡ್ ಟೋಪಿ ತೆಗೆದ.

"ಒಳಗೆ ಕೂತು ಮಾತಾಡೋಣ ಕಣಮ್ಮಾ," ಎಂದ. "ನೀವೂ ನಮ್ಮ ಸಾಲಿಗೆ ಸೇರಿದ್ರಿ."