ಐದನೇ ಅಧ್ಯಾಯದ ಬ್ರಾಕೆಟ್

ಸಂಶೋಧನಾ ವಿಭಾಗದಲ್ಲಿ ಎಲ್ಲರೂ ಅವಳನ್ನು 'ಬ್ರಾಕೆಟ್' ಅಂತಲೇ ಕರೆಯುತ್ತಿದ್ದರು. ಯಾರು ಏನೇ ಬರೆಯಲಿ, ಆ ಮಾತು ಯಾರಿಂದ ಬಂತೋ ಅವರ ಹೆಸರು, ವರ್ಷ ಬ್ರಾಕೆಟ್ಟಿನಲ್ಲಿ ಬರುವವರೆಗೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಹಾಗಾಗಿ ಅದೇ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅವಳ ಹುಡುಗ ತನ್ನ ಥೀಸಿಸ್ಸನ್ನು ಅವಳ ಮಡಿಲಿಗೇ ಹಾಕಿದ.

"ನೀನು ನೋಡಿದ್ರೆ ನಾನೇ ನೆಟ್ಟಗಾಗ್ತೀನಿ, ಇನ್ನು ಥೀಸಿಸ್ ಯಾವ ಲೆಕ್ಕ?"

ಅವಳು ತಲೆ ತಗ್ಗಿಸಿ ನಕ್ಕಳು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಇವಳಿಗೆ ಕಣ್ಣಿತ್ತು, ಅದೇ ಗ್ರಹಚಾರ.

ತೊದಲುವ ಮಕ್ಕಳ ಬಗ್ಗೆ ಅವನ ಅಧ್ಯಯನ. ಐದನೇ ಅಧ್ಯಾಯದಲ್ಲಿ ಅವಳ ಪೆನ್ಸಿಲ್ ನಿಂತಿತು. ಮನುಷ್ಯರ ಮುಂದೆ ತೊದಲುವ ಮಗು ನಾಯಿಯ ಮುಂದೆ ತೊದಲುವುದಿಲ್ಲ ಎಂದು ಅಲ್ಲಿತ್ತು. ಇಡೀ ಅಧ್ಯಾಯ ನಿಂತದ್ದೇ ಆ ಮಾತಿನ ಮೇಲೆ. ಅದು ಅವಳ ಬಾಲ್ಯ. ಒಂದು ಮಧ್ಯಾಹ್ನ ಲೈಬ್ರರಿಯ ಮೆಟ್ಟಿಲ ಮೇಲೆ ಅವನ ಕೈ ಹಿಡಿದು ಹೇಳಿಕೊಂಡಿದ್ದಳು. ಹೆತ್ತಮ್ಮನಿಗೂ ಹೇಳಿರಲಿಲ್ಲ. ಈಗ ಅದರ ಮುಂದೆ ಬ್ರಾಕೆಟ್ಟಿನಲ್ಲಿ ಅವನ ಗೈಡ್ ಹೆಸರು, ಈ ವರ್ಷ, 'ಖಾಸಗಿ ಮಾತುಕತೆ'.

ಕೇಳಿದ್ದಕ್ಕೆ ಬೆಣ್ಣೆಯಿಂದ ಕೂದಲು ತೆಗೆದಂತೆ ಉತ್ತರಿಸಿದ. ಗೈಡ್ ಖುಷಿಯಾದರೆ ಕೆಲಸ, ಕೆಲಸ ಸಿಕ್ಕರೆ ಮದುವೆ.

"ನಿನ್ನ ಹೆಸರು ಹಾಕಿದ್ರೆ ನೀನು ತೊದಲ್ತಿದ್ದೆ ಅಂತ ಊರಿಗೆಲ್ಲ ಗೊತ್ತಾಗಲ್ವಾ? ನಿನ್ನ ಮರ್ಯಾದೆ ಉಳಿಸಿದೀನಿ ಕಣೇ."

ಅವಳಿಗೆ ತನ್ನ ಹೆಸರು ಬೇಕಿತ್ತು. ಮದುವೆಯೂ ಬೇಕಿತ್ತು, ಸುಳ್ಳೇಕೆ? ಆದರೂ ಗೈಡ್ ಹೆಸರಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ತನ್ನದನ್ನು ಬರೆದಳು. ಅವನು ರಬ್ಬರ್ ತೆಗೆದುಕೊಂಡು ನಿಧಾನವಾಗಿ ಆ ಗೀಟನ್ನೂ ಅವಳ ಹೆಸರನ್ನೂ ಅಳಿಸಿದ. ಉದುರಿದ ಚೂರುಗಳನ್ನು ಊದಿದ.

"ಈಗ ಹೇಳು, ನನ್ನ ಮದುವೆ ಆಗ್ತೀಯಾ?"

"ನಾ... ನಾ... ನಾ..."

ಎಷ್ಟೋ ವರ್ಷಗಳಿಂದ ಮರೆತೇಹೋಗಿದ್ದ ತೊದಲು. 'ನಾನು ಒಲ್ಲೆ' ಎನ್ನಬೇಕಿತ್ತು, ನಾಲಿಗೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು.

ಅವನ ಕಣ್ಣು ಹೊಳೆಯಿತು. ಅವಳು ಮನಸೋತಿದ್ದು ಇದೇ ಹೊಳಪಿಗೆ.

"ಇರು, ಇರು," ಎಂದು ಪೆನ್ನು ತೆಗೆದ. "ಹಾಗೇ ಇನ್ನೊಂದ್ಸಲ ಹೇಳು, ಬರ್ಕೊಳ್ತೀನಿ."

ಅವಳು ಬ್ಯಾಗ್ ಎತ್ತಿಕೊಂಡು ಹೊರಬಂದಳು. ಗೇಟಿನ ಬಳಿ ವಾಚ್‌ಮನ್ ಸಾಕಿದ ನಾಯಿ ಮಲಗಿತ್ತು. ಪಕ್ಕದಲ್ಲಿ ಕುಳಿತು ಅದರ ಕಿವಿ ಸವರುತ್ತ, "ನಾನು ಅವನನ್ನ ಮದುವೆ ಆಗಲ್ಲ," ಎಂದಳು. ಒಂದಕ್ಷರವೂ ತಡವರಿಸಲಿಲ್ಲ. ಆಮೇಲೆ ಅವನೆಂದರೆ ತನಗೆ ಎಷ್ಟು ಇಷ್ಟ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಅದಕ್ಕೆ ಹೇಳಿದಳು.