ಗಾಳಿಯ ಊರಿನಲ್ಲಿ ಹಿಡಿಯದ ಕೈ

"ಹಗ್ಗ ಬಿಡಬೇಡಿ, ಬಿಡಬೇಡಿ!"

ಯಾರೋ ಕೂಗಿದ್ದು ಡಾನಿಕಾಳ ಕಿವಿಗೆ ಬೀಳುವಷ್ಟರಲ್ಲಿ ಹಗ್ಗ ಅವಳ ಕೈ ಜಾರಿತ್ತು. ಗಾಳಿ ಅವಳನ್ನು ರಸ್ತೆಯತ್ತ ನೂಕಿತು. ಮರುಕ್ಷಣವೇ ಎರಡು ತೋಳುಗಳು ಅವಳನ್ನು ಬಾಚಿ ಎದೆಗೆ ಎಳೆದುಕೊಂಡವು.

ಕುರಿಯುಣ್ಣೆಯ ವಾಸನೆ. ಬೆಚ್ಚನೆಯ ಎದೆ. ಇಲ್ಲೇ ಇದ್ದುಬಿಡಲೇ ಅನಿಸಿತು ಅವಳಿಗೆ...

ಆಗಲೇ ಅವಳ ಪಕ್ಕೆಲುಬು ಕಟಕ್ ಎಂದಿತು.

ಚಿಲಿ ದೇಶದ ದಕ್ಷಿಣ ತುದಿಯ ಪುಂತಾ ಅರೇನಾಸ್‌ನಲ್ಲಿ ಬೇಸಿಗೆಯ ಗಾಳಿ ಎದ್ದರೆ ಮೂಲೆಮೂಲೆಗೂ ಹಗ್ಗ ಕಟ್ಟುತ್ತಾರೆ. ಗುರುತಿಲ್ಲದವರೂ ತೋಳಿಗೆ ತೋಳು ಸೇರಿಸಿ ರಸ್ತೆ ದಾಟುತ್ತಾರೆ. ಅದಕ್ಕೆ ಯಾರೂ ಬೇರೆ ಅರ್ಥ ಹಚ್ಚುವುದಿಲ್ಲ.

ಅವಳನ್ನು ಹಿಡಿದವನು ಎಲಿಸೆಯೋ, ಕುರಿ ಉಣ್ಣೆ ಕತ್ತರಿಸುವವನು. ಆಸ್ಪತ್ರೆಯ ಬೆಂಚಿನಲ್ಲಿ ಟೋಪಿ ಹಿಂಡುತ್ತಾ ಕುಳಿತಿದ್ದವನಿಗೆ ಡಾನಿಕಾಳ ಚಿಕ್ಕಮ್ಮ ಮಿರ್ನಾ ಎಲ್ಲವನ್ನೂ ಹೇಳಿಬಿಟ್ಟಳು. ಹುಡುಗಿಗೆ ಕರುಳಿನ ಉರಿಯೂತ, ಹೊಟ್ಟೆ ಕೆಟ್ಟರೆ ದಿನವಿಡೀ ಶೌಚಕ್ಕೆ ಓಡಾಟ, ಮೂಳೆಗಳೂ ಸವೆದಿವೆ ಎಂದು.

ಆಮೇಲೂ ಅವನು ಬಂದ. ಪ್ರತಿ ಶನಿವಾರ ಅವಳ ಉಣ್ಣೆ ಅಂಗಡಿಗೆ ಬಂದು ಒಂದು ಉಂಡೆ ನೂಲು ಕೊಳ್ಳುತ್ತಿದ್ದ. ದಿನವಿಡೀ ಉಣ್ಣೆ ಕತ್ತರಿಸುವವನಿಗೆ ದುಡ್ಡು ಕೊಟ್ಟು ಉಣ್ಣೆ ಕೊಳ್ಳುವ ಕರ್ಮ ಏಕೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಅವಳನ್ನು ಮನೆಗೆ ಬಿಡುವಾಗ ಮಾತ್ರ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ಮಾರು ದೂರದಲ್ಲಿ ನಡೆಯುತ್ತಿದ್ದ.

'ಊಟದ ನಡುವೆ ಎದ್ದು ಓಡುವವಳು ಯಾರಿಗೆ ಬೇಕು? ಕರುಣೆಯಿಂದ ಬರುತ್ತಾನೆ, ಅಷ್ಟೆ...' ಎಂದುಕೊಳ್ಳುತ್ತಿದ್ದಳು ಡಾನಿಕಾ. ಆ ತೋಳಿಗಾಗಿ ಅವಳ ಜೀವ ಹಂಬಲಿಸುತ್ತಿತ್ತು.

ಒಂದು ಶನಿವಾರ ಮನೆಯ ದಾರಿಯಲ್ಲಿ, ರಸ್ತೆ ದಾಟುವ ಕಡೆ ಗಾಳಿ ಜೋರಾಯಿತು. ಅವಳು ಅವನತ್ತ ನೋಡಿದಳು. ಅವನು ನೆಲ ನೋಡಿದ. ಪಕ್ಕದಲ್ಲಿದ್ದ ಮುದುಕರೊಬ್ಬರು ತೋಳು ಚಾಚಿದರು.

"ಬಾ ಮಗಳೇ, ದಾಟಿಸ್ತೀನಿ." ಆಚೆ ಬದಿ ತಲುಪಿದ ಮೇಲೆ, ಹಿಂದೆಯೇ ಬಂದ ಎಲಿಸೆಯೋನನ್ನು ಕೇಳಿದರು: "ಏನಪ್ಪಾ, ಜೇಬಲ್ಲಿರೋದು ಕೈ ತಾನೇ?"

ಮುದುಕರು ಹೋದರು. ಡಾನಿಕಾಳ ಕಣ್ಣು ತುಂಬಿತ್ತು.

"ಅಸಹ್ಯ ಅನ್ಸಿದ್ರೆ ಬರ್ಬೇಡ ಎಲಿಸೆಯೋ. ನಂಗೆ ನಿನ್ನ ಕರುಣೆ ಬೇಡ."

"ಅಸಹ್ಯನಾ?" ಅವನು ಬೆಚ್ಚಿದ. "ನಾನು ನಿನ್ನನ್ನ ಪ್ರೀತಿಸ್ತೀನಿ ಕಣೇ. ಆದ್ರೆ ನಿನ್ನ ಪಕ್ಕೆ ಮುರಿದೋನು ನಾನು. ಕುರಿನ ಅದುಮಿ ಹಿಡಿಯೋ ಕೈ ಇದು, ಮೆತ್ತಗೆ ಹಿಡಿಯೋಕೆ ಬರಲ್ಲ. ಆ ಸದ್ದು ಇನ್ನೊಂದ್ಸಲ ಕೇಳಿದ್ರೆ ನಾನು ಉಳಿಯಲ್ಲ."

ಇಷ್ಟು ದಿನ ಅವಳು ಹೊಟ್ಟೆಗೆ ನಾಚಿಕೊಂಡಿದ್ದಳು, ಅವನು ಅವಳ ಮೂಳೆಗೆ ಹೆದರಿದ್ದ.

"ಮೂಳೆ ಸವೆಸಿದ್ದು ನೀನಾ? ಕರುಳಿನ ಉರಿ, ವರ್ಷಗಟ್ಟಲೆ ತಿಂದ ಸ್ಟೀರಾಯ್ಡ್ ಮಾತ್ರೆ... ತಿಂದಿದ್ದು ಮೈಗೆ ಹತ್ತಲಿಲ್ಲ. ನೀನು ಸಿಗೋಕೆ ಮುಂಚೆ ಒಂದು ಸೀನಿಗೇ ಪಕ್ಕೆ ಬಿರುಕು ಬಿಟ್ಟಿತ್ತು. ಸೀನಿನ ಮೇಲೆ ಮುನಿಸ್ಕೊಳ್ಳಲಾ?"

ಅವನ ತುಟಿ ನಗಲೋ ಬೇಡವೋ ಎಂದು ತಡವರಿಸಿತು.

"ಈಗ ಮೂಳೆಗೂ ಔಷಧಿ ತಗೋತಿದ್ದೀನಿ. ದಿನಾ ನಡೀಬೇಕು, ಆದ್ರೆ ಬೀಳಬಾರದು ಅಂತಾರೆ ಡಾಕ್ಟರು. ಈ ಊರಲ್ಲಿ ಒಬ್ಬಳೇ ನಡೆದು ಬೀಳದೇ ಇರೋದು ಹೇಗೆ, ನೀನೇ ಹೇಳು."

ಅವಳೇ ಅವನ ಕೈಯನ್ನು ಜೇಬಿನಿಂದ ಹೊರಗೆಳೆದು, ತೋಳಿಗೆ ತೋಳು ಸೇರಿಸಿದಳು.

"ನೀನು ಹಿಡೀಬೇಡ. ನಾನು ಹಿಡ್ಕೋತೀನಿ."

ಅವನು ಉಸಿರು ಬಿಗಿಹಿಡಿದು ನಿಂತ. "ನೋವಾದ್ರೆ ಹೇಳು."

"ಆಗ್ತಿದೆ."

"ಎಲ್ಲಿ?" ಅವನ ಮುಖ ಬಿಳಿಚಿಕೊಂಡಿತು.

"ಇಷ್ಟು ದಿನ ದೂರ ನಡೆದೆಯಲ್ಲ... ಅಲ್ಲಿ."

ಅವನು ತೋಳನ್ನು ಮೆಲ್ಲಗೆ, ತುಂಬ ಮೆಲ್ಲಗೆ ತನ್ನತ್ತ ಒತ್ತಿಕೊಂಡ.

"ನಂಗೂ ಅಲ್ಲೇ," ಎಂದ.